ಕ್ರೀಡೋತ್ಸವಗಳ ದಾನ: ಔದಾರ್ಯವೋ, ಋಣವೋ?

ಹೊಸಪೇಟೆ ಸೀಮೆಯ ನೆರೆಯಲ್ಲೇ, ಸಂಡೂರು ತಾಲ್ಲೂಕಿನ ತೋರಣಗಲ್ಲು ಬಳಿ, 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಆರಂಭವಾಯಿತು. ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್‌ಗಳಲ್ಲಿ ತರಬೇತಿ ನೀಡುವ ಈ ಸಂಸ್ಥೆಗೆ ಜಿಂದಾಲ್ ಸಮೂಹದ ಜೊತೆಗೆ ಇತರ ಉದ್ಯಮಗಳ ಸಾಮಾಜಿಕ ಹೊಣೆಗಾರಿಕೆಯ ಹಣವೂ ಒದಗಿದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನನ್ವಯ, ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ 2ರಷ್ಟನ್ನು ಇಂಥ ಕಾರ್ಯಗಳಿಗೆ ವಿನಿಯೋಗಿಸಬೇಕು. ಉದ್ಯಮವು ಕ್ರೀಡೆಗೆ ಕೊಡುವುದಕ್ಕೆ ಹೀಗೊಂದು ಕಟ್ಟಳೆಯಿದೆ. ಕ್ರೀಡೆಯು ಸಮಾಜಕ್ಕೆ ಕೊಡುವುದಕ್ಕೆ?

ದೇಶದ ಅತ್ಯಂತ ಸಿರಿವಂತ ಕ್ರೀಡಾಸಂಸ್ಥೆಯಾದ ಕ್ರಿಕೆಟ್ ನಿಯಂತ್ರಣ ಮಂಡಳಿಯು ಕಂಪನಿಯಲ್ಲ, ನೋಂದಾಯಿತ ಸಂಘ. ಆದಕಾರಣ ಶೇ 2ರ ನಿಯಮ ಅದಕ್ಕೆ ಅನ್ವಯಿಸದು. ಅತ್ತ ಆದಾಯ ತೆರಿಗೆಯ ವಿಷಯದಲ್ಲಿ ಅದು ತನ್ನನ್ನು ದತ್ತಿಸಂಸ್ಥೆಯೆಂದೇ ಕರೆದುಕೊಂಡಿದೆ. ಐಪಿಎಲ್‌ನಿಂದ ಹಣ ಬಂದರೂ ಕ್ರಿಕೆಟ್ ಪ್ರೋತ್ಸಾಹದ ಮೂಲ ಉದ್ದೇಶ ಅಳಿಯದೆಂಬ ಅದರ ವಾದವನ್ನು 2021ರಲ್ಲಿ ಮುಂಬೈನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ಎತ್ತಿಹಿಡಿಯಿತು. ಕಾನೂನಿನ ದೃಷ್ಟಿಯಲ್ಲಿ ಇದು ಸರಿಯಿರಬಹುದು. ಆದರೆ ಅರ್ಥಶಾಸ್ತ್ರದ ದೃಷ್ಟಿಯಲ್ಲಿ ತೆರಿಗೆ ವಿನಾಯಿತಿಯೆಂದರೆ ಸಾರ್ವಜನಿಕ ಬೊಕ್ಕಸ ಬಿಟ್ಟುಕೊಟ್ಟ ಹಣ. ಪಡೆದವರಿಗೆ ಅದು ಋಣ.

2019ರ ಮಾರ್ಚ್‌ನಲ್ಲಿ, ಪುಲ್ವಾಮಾ ದಾಳಿಯ ಬಳಿಕ, ಮಂಡಳಿಯು ಐಪಿಎಲ್ ಉದ್ಘಾಟನಾ ಸಮಾರಂಭವನ್ನು ಕೈಬಿಟ್ಟು ಸೇನಾಪಡೆಗಳಿಗೂ ಸಿಆರ್‌ಪಿಎಫ್‌ಗೂ 20 ಕೋಟಿ ರೂಪಾಯಿ ನೀಡಿತು. ಇದು ಸ್ತುತ್ಯರ್ಹ. ಆದರೆ ಇಂಥ ದಾನ ಸಂದರ್ಭದ ಭಾವಾವೇಶವನ್ನು ನಂಬಿದೆ, ನಿಯಮವನ್ನಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ತುಂಗಭದ್ರೆ ಉಕ್ಕಿ ಹಂಪಿಯ ಪುರಂದರ ಮಂಟಪವೂ ಕಂಪ್ಲಿಯ ಸೇತುವೆಯೂ ಮುಳುಗಿದವು. ಪಂದ್ಯಾವಳಿಯ ಋತು ಅಷ್ಟರಲ್ಲಿ ಮುಗಿದಿತ್ತು. ಆಪತ್ತು ಋತುವನ್ನು ನೋಡಿ ಬರುವುದಿಲ್ಲ.

ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ವಿಶ್ವ 10ಕೆ ಓಟ ಇನ್ನೊಂದು ಮಾದರಿ. ಓಟಗಾರರೇ ಸ್ವಯಂಸೇವಾ ಸಂಸ್ಥೆಗಳಿಗಾಗಿ ನಿಧಿ ಸಂಗ್ರಹಿಸುವ ವ್ಯವಸ್ಥೆ ಅಲ್ಲಿದೆ. ಇದು ಅನುಕರಣೀಯ, ಆದರೆ ಅಲ್ಲಿ ಕೊಡುವವರು ನಾಗರಿಕರು. ಆಯೋಜಕರ ಸ್ವಂತ ಪಾಲಿನ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಪರಿಹಾರ ಕಠಿಣವಲ್ಲ. ಪ್ರಸಾರ ಹಕ್ಕು ಮತ್ತು ಟಿಕೆಟ್ ಆದಾಯದ ನಿಶ್ಚಿತ ಪಾಲು ಮೊದಲೇ ಘೋಷಿತವಾಗಲಿ. ಅದರಲ್ಲೊಂದು ಭಾಗ ವಿಪತ್ತು ನಿಧಿಗೆ, ಇನ್ನೊಂದು ಭಾಗ ಗ್ರಾಮೀಣ ಶಾಲೆಗಳ ಆಟದ ಮೈದಾನಗಳಿಗೆ ಸಲ್ಲಲಿ. ಲೆಕ್ಕಪರಿಶೋಧಿತ ವರದಿ ಪ್ರತಿವರ್ಷ ಪ್ರಕಟವಾಗಲಿ.

ಇದಕ್ಕೂ ಮೊದಲಿನ ಕರ್ತವ್ಯವೊಂದಿದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಮಂದಿ ಅಸುನೀಗಿದರು. ಪರಿಹಾರಧನದ ಘೋಷಣೆ ಹಿಂಬಾಲಿಸಿತು. ಬಂದ ಜನರನ್ನು ಸುರಕ್ಷಿತವಾಗಿ ಮನೆಗೆ ಕಳುಹಿಸುವ ಹೊಣೆಯನ್ನು ಯಾವ ದಾನವೂ ತೀರಿಸಲಾರದು.