ತಂಗಿಯನ್ನು ಕಂಡು ಮನೆ ಕೊಳ್ಳಿ

ಶೇಷಾದ್ರಿಪುರಂನ ಒಳಬೀದಿಗಳಲ್ಲಿ ‘ಮನೆ ಮಾರಾಟಕ್ಕಿದೆ’ ಎಂಬ ಬೋರ್ಡು ಕಾಣುವುದು ಅಪರೂಪ. ಮನೆ ಮಾರುತ್ತಾರಂತೆ ಎಂಬ ಸುದ್ದಿ ಮೊದಲು ಇಸ್ತ್ರಿಯವನಿಗೆ ಗೊತ್ತಾಗುತ್ತದೆ, ಆಮೇಲೆ ಹಾಲಿನ ಬೂತಿಗೆ, ಸಂಜೆ ದೇವಸ್ಥಾನದ ಮಂಗಳಾರತಿ ಹೊತ್ತಿಗೆ ಅರ್ಧ ಬೀದಿಗೆ. ದಲ್ಲಾಳಿಯ ಕಿವಿಗೆ ಬೀಳುವಷ್ಟರಲ್ಲಿ ಆ ಮನೆಯ ಅಣ್ಣತಮ್ಮಂದಿರು ಒಂದು ಸುತ್ತು ಜಗಳವಾಡಿ ಮುಗಿಸಿರುತ್ತಾರೆ.

ಆದರೂ ಹುಡುಕಿಕೊಂಡು ಬರುವವರಿಗೆ ಕೊರತೆಯಿಲ್ಲ. ಬರದೇ ಏನು ಮಾಡುತ್ತಾರೆ? ಮೆಜೆಸ್ಟಿಕ್ಕಿಗೆ ನಡೆದುಕೊಂಡೇ ಹೋಗಬಹುದು. 2014ರಿಂದ ಸಂಪಿಗೆ ರಸ್ತೆಯ ತುದಿಯಲ್ಲಿ ಮೆಟ್ರೊ ನಿಲ್ದಾಣವೂ ಇದೆ. ಮುಖ್ಯರಸ್ತೆಯ ಗದ್ದಲ ದಾಟಿ ಎರಡು ತಿರುವು ಒಳಗೆ ಬಂದರೆ ಮಧ್ಯಾಹ್ನದ ಹೊತ್ತು ಕೇಳುವುದು ಯಾರದೋ ಮನೆಯ ಕುಕ್ಕರಿನ ಸೀಟಿ, ದೂರದ ರೈಲಿನ ಕೂಗು, ಅಷ್ಟೆ. 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಹೆಸರು ಹೊತ್ತ ಬಡಾವಣೆ ಇದು. ನೆರೆಯ ಮಲ್ಲೇಶ್ವರ ಮತ್ತು ಅತ್ತ ಬಸವನಗುಡಿ 1898ರ ಪ್ಲೇಗಿನ ಭಯದಲ್ಲಿ ಬೆಳೆದ ಊರುಗಳು. ಗಾಳಿ ಬೆಳಕು ಬೇಕು, ಮನೆಗೂ ಮನೆಗೂ ನಡುವೆ ಜಾಗ ಬೇಕು ಎಂದು ಅನುಭವದಿಂದ ಕಲಿತ ಕಾಲ ಅದು.

ಆ ಕಾಲದ ಜಗುಲಿ, ಕೆಂಪು ಗಾರೆ ನೆಲ, ಹಿತ್ತಲ ತೆಂಗಿನಮರ ಇವತ್ತೂ ಅಲ್ಲೊಂದು ಇಲ್ಲೊಂದು ಉಳಿದಿವೆ. ಆದರೆ ಒಂದು ಮಾತು. ಉಳಿದಿರುವ ಹಳೆಯ ಮನೆಗಳಲ್ಲಿ ಬಹಳಷ್ಟು, ಉಳಿಸಬೇಕೆಂದು ಉಳಿಸಿಕೊಂಡವಲ್ಲ. ಒಡಹುಟ್ಟಿದವರು ಒಮ್ಮತಕ್ಕೆ ಬಾರದೆ ಉಳಿದುಹೋದವು. ಒಮ್ಮತಕ್ಕೆ ಬಂದವರ ಮನೆ ಎಂದೋ ನಾಲ್ಕಂತಸ್ತಿನ ಅಪಾರ್ಟ್‌ಮೆಂಟ್ ಆಗಿದೆ. ಹಾಗಾಗಿ ಇಲ್ಲಿ ಹಳೆಯ ಮನೆ ಕೊಳ್ಳುವವರು ಕೊಳ್ಳುವುದು ಬರೀ ಗೋಡೆಯನ್ನಲ್ಲ, ಒಂದು ಸಂಸಾರದ ಮುಗಿಯದ ಪಂಚಾಯಿತಿಯನ್ನೂ.

ನಮಗೆ ಪರಿಚಯದ ರಾಯರೊಬ್ಬರು ಬ್ಯಾಂಕಿನಿಂದ ನಿವೃತ್ತರು. ಅವರಿಗೂ ಅವರ ಮನೆಯವರಿಗೂ ಹೊರವರ್ತುಲದ ಫ್ಲ್ಯಾಟು ಬೇಸರವಾಗಿ, ಶೇಷಾದ್ರಿಪುರಂನಲ್ಲಿ ಇಂಥದೇ ಒಂದು ಮನೆ ನೋಡಿದರು. ಮೂವತ್ತು ನಲವತ್ತರ ನಿವೇಶನ, ಕೆಳಗೆ ಮೂರು ಕೋಣೆ, ಮೇಲೆ ತಾರಸಿ. ಮಾರುವವರು ಮೂವರು ಅಣ್ಣತಮ್ಮಂದಿರು, ಒಬ್ಬರು ಅಮೆರಿಕದಲ್ಲಿ. ದಲ್ಲಾಳಿ ಒಂದು ಪ್ಲಾಸ್ಟಿಕ್ ಫೈಲು ತಂದು ಮೇಜಿನ ಮೇಲಿಟ್ಟು, ‘ಸಾರ್, ಪೇಪರ್ಸ್ ಎಲ್ಲಾ ಕ್ಲಿಯರ್. ಇ.ಸಿ. ನಿಲ್ ಬಂದಿದೆ, ಇ–ಖಾತಾ ಆಗಿದೆ. ಈ ವಾರ ಅಡ್ವಾನ್ಸ್ ಕೊಟ್ಬಿಡಿ, ಇನ್ನೊಂದು ಪಾರ್ಟಿ ಕಾಯ್ತಿದೆ’ ಎಂದ. ಇನ್ನೊಂದು ಪಾರ್ಟಿ ಯಾವಾಗಲೂ ಕಾಯುತ್ತಲೇ ಇರುತ್ತದೆ, ಅದು ಈ ಕಸುಬಿನ ಮಂತ್ರ.

ರಾಯರು ಫೈಲಿನಲ್ಲಿ ವಂಶವೃಕ್ಷ ತೆಗೆದು ನೋಡಿದರು. ಮೂವರು ಗಂಡುಮಕ್ಕಳ ಕೆಳಗೆ ನಾಲ್ಕನೆಯ ಹೆಸರೊಂದಿತ್ತು. ತಂಗಿ, ತುಮಕೂರಿನಲ್ಲಿದ್ದಾರೆ, 1979ರಲ್ಲಿ ಮದುವೆಯಾದವರು. ಇವರ ರುಜು ಎಲ್ಲಿ ಎಂದು ಕೇಳಿದ್ದಕ್ಕೆ ದಲ್ಲಾಳಿ ನಕ್ಕ. ‘94ಕ್ಕೆ ಮುಂಚೆ ಮದುವೆ ಆದೋರಿಗೆ ಭಾಗ ಇಲ್ಲ ಸಾರ್. ಆದ್ರೂ ಅಣ್ಣಂದಿರು ಅರಿಶಿನ ಕುಂಕುಮಕ್ಕೆ ಅಂತ ಐದು ಲಕ್ಷ ಕೊಟ್ಟು ಸೈನ್ ಹಾಕಿಸ್ತಾರೆ. ಅದು ನಮ್ ತಲೆನೋವಲ್ಲ.’

ತಲೆನೋವು ಇರುವುದು ಅಲ್ಲಿಯೇ. ಈ 94ರ ಮಾತನ್ನು ಬೆಂಗಳೂರಿನ ಅರ್ಧ ಜನ ಹೇಳುತ್ತಾರೆ. ಅದರಲ್ಲಿ ಅರ್ಧ ಮಾತ್ರ ನಿಜ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು ಕರ್ನಾಟಕ 1994ರಲ್ಲಿ ಜಾರಿಗೆ ತಂದ ಕಾನೂನು, ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಬೇಲಿಯನ್ನೂ ಕಿತ್ತಿತು. ಆಗ ತಂದೆ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟು 2020ರ ವಿನೀತಾ ಶರ್ಮಾ ತೀರ್ಪಿನಲ್ಲಿ ಬಗೆಹರಿಸಿತು: ಬೇಕಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ.

ಆದರೆ ರಾಯರು ನೋಡಿದ ಮನೆಗೆ ಇಷ್ಟೆಲ್ಲ ದೂರ ಹೋಗುವ ಅಗತ್ಯವೇ ಇರಲಿಲ್ಲ. ಅದು ಪಿತ್ರಾರ್ಜಿತವಲ್ಲ, ಆ ಮಕ್ಕಳ ತಂದೆ ತಮ್ಮ ಸಂಬಳದಲ್ಲಿ ಕೊಂಡ ಸ್ವಯಾರ್ಜಿತ ಮನೆ. ಅವರು 1983ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. ಅಂಥ ಆಸ್ತಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಸಮಪಾಲಾಗಿ ಹೋಗುತ್ತದೆ ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೇ ಹೇಳಿದೆ. ಮದುವೆಯಾಗಿದ್ದರೂ ಅಷ್ಟೆ, ಆಗದಿದ್ದರೂ ಅಷ್ಟೆ. ತಾಯಿ ಈಚೆಗೆ ತೀರಿಕೊಂಡ ಮೇಲೆ ಆಕೆಯ ಪಾಲೂ ಸೇರಿ, ಮನೆಯಲ್ಲಿ ತಂಗಿಯದು ಸರಿಯಾಗಿ ಕಾಲು ಭಾಗ.

ಹಾಗಾದರೆ ಇಷ್ಟು ವರ್ಷ ಆಕೆ ಯಾಕೆ ಕೇಳಲಿಲ್ಲ? ಅದೇ ಕಾಯಿದೆಯ 23ನೇ ಕಲಮು ಹಾಗಿತ್ತು. ಮನೆಯವರೇ ವಾಸವಾಗಿರುವ ಮನೆಯನ್ನು ಭಾಗ ಮಾಡಿ ಎಂದು, ಗಂಡು ವಾರಸುದಾರರು ತಾವೇ ಭಾಗಕ್ಕೆ ಇಳಿಯುವತನಕ, ಹೆಣ್ಣುಮಕ್ಕಳು ಕೇಳುವಂತಿರಲಿಲ್ಲ. ಪಾಲು ಉಂಟು, ಕೇಳುವ ಬಾಯಿ ಇಲ್ಲ! ಈ ಕಲಮನ್ನು 2005ರಲ್ಲಿ ತೆಗೆದುಹಾಕಲಾಯಿತು. ಕಲಮು ಹೋದರೂ ಅಭ್ಯಾಸ ಹೋಗಬೇಕಲ್ಲ. ಗೌರಿ ಹಬ್ಬಕ್ಕೆ ಬಾಗಿನ ಕೊಟ್ಟು, ಸೀರೆ ಉಡಿಸಿ, ಸಂಜೆ ಬಸ್ಸಿಗೆ ಹತ್ತಿಸುವಾಗ ತವರಿನ ಬಾಗಿಲಲ್ಲಿ ನಿಂತು ‘ನನ್ನ ಕಾಲು ಭಾಗ’ ಎನ್ನುವ ಹೆಣ್ಣುಮಗಳು ಎಷ್ಟು ಮಂದಿ?

ದಲ್ಲಾಳಿ ಮೆರೆಸಿದ ‘ನಿಲ್’ ಇ.ಸಿ. ಈ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. ಋಣಭಾರ ಪ್ರಮಾಣಪತ್ರ ತೋರಿಸುವುದು ನೋಂದಣಿಯಾದ ಪತ್ರಗಳನ್ನು. ಸಾವಿನಿಂದ ಬಂದ ಪಾಲಿಗೆ ನೋಂದಣಿ ಇಲ್ಲ. ಬಾಯಿಮಾತಿನ ಭಾಗಕ್ಕೂ ಇಲ್ಲ. ಖಾತೆ ಇರುವುದು ಕಂದಾಯಕ್ಕೆ. ಇ–ಖಾತಾ ಕಂಪ್ಯೂಟರಿನಲ್ಲಿ ಬಂದ ಮಾತ್ರಕ್ಕೆ ಹಕ್ಕುಪತ್ರವಾಗುವುದಿಲ್ಲ. ರುಜು ಹಾಕದ ವಾರಸುದಾರರ ಪಾಲು ಕೊಂಡವನಿಗೆ ಬರುವುದೇ ಇಲ್ಲ. ಮೇಲಾಗಿ, ಒಡೆಯದ ಕುಟುಂಬದ ವಾಸದ ಮನೆಯಲ್ಲಿ ಕೆಲವರ ಪಾಲನ್ನಷ್ಟೇ ಕೊಂಡ ಹೊರಗಿನವನು ಮನೆಯವರ ಜತೆ ಬಂದಿರುತ್ತೇನೆ ಎನ್ನುವಂತಿಲ್ಲ ಎಂದು 1882ರ ಆಸ್ತಿ ವರ್ಗಾವಣೆ ಕಾಯಿದೆಯ 44ನೇ ಕಲಮು ಹೇಳುತ್ತದೆ. ದುಡ್ಡು ಕೊಟ್ಟೂ ದಾವೆ ಹೂಡಿಕೊಂಡು ಕೂರಬೇಕು.

ರಾಯರ ಮಗ ಹಾಲೆಂಡಿನಲ್ಲಿ, ಆಮ್‌ಸ್ಟರ್‌ಡ್ಯಾಂ ಪಕ್ಕದ ಆಮ್‌ಸ್ಟಲ್‌ವೇನ್‌ನಲ್ಲಿದ್ದಾನೆ. ಅವನೂ ಅಲ್ಲೊಂದು ನಿಶ್ಶಬ್ದದ ಬೀದಿಯಲ್ಲಿ ಮನೆ ಕೊಂಡವನು. ಫೋನಿನಲ್ಲಿ ಅಪ್ಪನಿಗೆ ಅಲ್ಲಿಯ ಪದ್ಧತಿ ವರ್ಣಿಸಿದ. ಕರಾರಿಗೆ ರುಜು ಹಾಕಿದ ಮೇಲೂ ಕೊಳ್ಳುವವರಿಗೆ ಮೂರು ದಿನ ಮನಸ್ಸು ಬದಲಾಯಿಸುವ ಅವಕಾಶ, ಕಾರಣ ಹೇಳಬೇಕಿಲ್ಲ. ಹಣ ಮಾರುವವರ ಕೈಗೆ ನೇರ ಹೋಗುವುದಿಲ್ಲ, ನೋಟರಿಯ ಖಾತೆಗೆ ಹೋಗುತ್ತದೆ. (ನೋಟರಿ ಎಂದರೆ ಕೋರ್ಟಿನ ಮುಂದೆ ಮರದ ಕೆಳಗೆ ಸೀಲು ಒತ್ತುವವರಲ್ಲ, ಅಲ್ಲಿ ಅದು ದೊಡ್ಡ ಹುದ್ದೆ.) ಅವರೇ ಭೂದಾಖಲೆ ತೆಗೆಸಿ, ಸಾಲ ಇದೆಯೇ, ಮಾರಲು ಹಕ್ಕಿದೆಯೇ ಎಂದು ನೋಡಿ ಕ್ರಯಪತ್ರ ಮಾಡಿಸುತ್ತಾರೆ. ಗಂಡ ಹೆಂಡತಿ ವಾಸವಿರುವ ಮನೆಯನ್ನು ಒಬ್ಬರ ಹೆಸರಿನಲ್ಲಿದ್ದರೂ ಇನ್ನೊಬ್ಬರ ಒಪ್ಪಿಗೆ ಇಲ್ಲದೆ ಮಾರುವಂತಿಲ್ಲ. ತಾನೇ ಇರಲು ಕೊಳ್ಳುವವನಿಗೆ ವರ್ಗಾವಣೆ ತೆರಿಗೆ ಶೇ 2.

ನಮ್ಮಲ್ಲಿ? ಎರಡು ಕೋಟಿಯ ಮನೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ಸು ಸರ್‌ಚಾರ್ಜು ಸೇರಿ 5.6, 2025ರ ಆಗಸ್ಟ್ ಕೊನೆಯಿಂದ ಇಮ್ಮಡಿಯಾದ ನೋಂದಣಿ ಶುಲ್ಕ ಶೇ 2, ಒಟ್ಟು 7.6. ಹದಿನೈದು ಲಕ್ಷದ ಇಪ್ಪತ್ತು ಸಾವಿರ ಸರ್ಕಾರಕ್ಕೆ. ಇಷ್ಟು ಇಸಿದುಕೊಂಡ ಉಪನೋಂದಣಿ ಕಚೇರಿ ಪತ್ರವನ್ನು ನೋಂದಾಯಿಸುತ್ತದೆಯೇ ಹೊರತು, ಮಾರುವವರಿಗೆ ಪೂರ್ತಿ ಹಕ್ಕಿತ್ತು ಎಂದು ಖಾತರಿ ಕೊಡುವುದಿಲ್ಲ. ಹಾಲೆಂಡಿನಲ್ಲಿ ನೋಟರಿ ಮಾಡುವ ವಿಚಾರಣೆಯನ್ನು ಇಲ್ಲಿ ಕೊಳ್ಳುವವನೇ, ಒಬ್ಬ ಒಳ್ಳೆಯ ವಕೀಲರನ್ನು ಹಿಡಿದು, ಮಾಡಿಸಿಕೊಳ್ಳಬೇಕು.

ರಾಯರು ಒಂದು ಭಾನುವಾರ ಹೆಂಡತಿಯನ್ನು ಕರೆದುಕೊಂಡು ತುಮಕೂರಿಗೆ ಹೋದರು. ಆ ತಂಗಿಗೆ ಈಗ ಎಪ್ಪತ್ತರ ಹತ್ತಿರ. ಒಳಗೆ ಕೂರಿಸಿ ಕಾಫಿ ಕೊಟ್ಟು, ರಾಯರ ಹೆಂಡತಿಯನ್ನು ಕೇಳಿದರಂತೆ, ‘ಹಿತ್ತಲಲ್ಲಿ ಕರಿಬೇವಿನ ಗಿಡ ಇನ್ನೂ ಇದೆಯೇನಮ್ಮ?’ ಇದೆ ಎಂದರು. ‘ಅಮ್ಮನ್ನ ಕೊನೇ ನಾಲ್ಕು ವರ್ಷ ನಾನೇ ಹೋಗಿ ಬಂದು ನೋಡಿಕೊಂಡಿದ್ದು. ಮನೆ ಮಾರ್ತಾರೆ ಅನ್ನೋದು ನನಗೆ ನಿಮ್ಮಿಂದ ಗೊತ್ತಾಗ್ತಿದೆ. ಸೈನ್ ಬೇಕಿದ್ದಾಗ ಕಾರು ಕಳಿಸ್ತೀವಿ ಅಂದಿದ್ದ ದೊಡ್ಡಣ್ಣ, ಯಾತಕ್ಕೆ ಅಂತ ಹೇಳಿರಲಿಲ್ಲ.’ ಸಿಟ್ಟಿನಲ್ಲಿ ಹೇಳಲಿಲ್ಲವಂತೆ. ಅದೇ ರಾಯರಿಗೆ ಹೆಚ್ಚು ಚುಚ್ಚಿದ್ದು.

ವಾಪಸು ಬಂದ ರಾಯರು ಅಣ್ಣಂದಿರಿಗೆ ಒಂದೇ ಮಾತು ಹೇಳಿದರು: ಕ್ರಯಪತ್ರದಲ್ಲಿ ನಾಲ್ಕು ಜನ ಮಾರುವವರು, ಹಣವೂ ನಾಲ್ಕು ಸಮಪಾಲು, ಇಲ್ಲದಿದ್ದರೆ ನನಗೆ ಮನೆ ಬೇಡ. ದಲ್ಲಾಳಿಗೆ ತಲೆ ಕೆಟ್ಟಿತು. ದೊಡ್ಡಣ್ಣ ಮೂರು ವಾರ ಫೋನ್ ಎತ್ತಲಿಲ್ಲ. ಆ ಇನ್ನೊಂದು ಪಾರ್ಟಿಯನ್ನೂ ವಿಚಾರಿಸಿದ್ದಿರಬೇಕು. ಅವರ ವಕೀಲರೂ ಅದೇ ವಂಶವೃಕ್ಷವನ್ನು ಕೇಳಿರಬೇಕು. ನಾಲ್ಕನೆಯ ವಾರ ಒಪ್ಪಿಗೆ ಬಂತು.

ಆ ನಡುವೆ ರಾಯರು ಉಳಿದದ್ದನ್ನೂ ನೋಡಿಕೊಂಡರು. ಮೇಲಿನ ತಾರಸಿ ಕೋಣೆಯಲ್ಲಿದ್ದವರು ಬಾಡಿಗೆಯವರಲ್ಲ, ಭೋಗ್ಯದವರು. ಆ ಭೋಗ್ಯದ ಹಣ ಹಿಂದಿರುಗಿಸಿ ಮನೆ ಖಾಲಿ ಮಾಡಿಸುವುದು ಮಾರುವವರ ಹೊಣೆ ಎಂದು ಕರಾರಿನಲ್ಲಿ ಬರೆಸಿದರು. ಹಿಂಬದಿಯ ಬಚ್ಚಲು ಕನ್ಸರ್ವೆನ್ಸಿ ಗಲ್ಲಿಗೆ ಚಾಚಿಕೊಂಡಿದೆಯೇ ಎಂದು ಟೇಪು ಹಿಡಿದು ಅಳೆಸಿದರು. 2004ಕ್ಕೆ ಹಿಂದಿನ ಇ.ಸಿ.ಗೆ ಕಚೇರಿಗೇ ಅರ್ಜಿ ಹಾಕಿದರು. ಮನೆ ಐವತ್ತು ಲಕ್ಷ ದಾಟಿದ್ದರಿಂದ ಇಲ್ಲಿರುವ ಮೂವರ ಹಣದಲ್ಲಿ ಶೇ 1 ಆದಾಯ ತೆರಿಗೆ ಹಿಡಿದು ಕಟ್ಟಿದರು; ಅಮೆರಿಕದವರು ಅನಿವಾಸಿ, ಅವರಿಗೆ ಹಿಡಿಯಬೇಕಾದ ಲೆಕ್ಕವೇ ಬೇರೆ, ಬಲು ಜಾಸ್ತಿ. ಬೆಳಿಗ್ಗೆ ಎಂಟೂವರೆಗೆ, ಶಾಲೆ ಕಾಲೇಜುಗಳ ಹೊತ್ತಿನಲ್ಲಿ, ಬೀದಿ ಹೇಗಿರುತ್ತದೆ ಎಂದೂ ಹೋಗಿ ನಿಂತು ನೋಡಿದರು. ವಾಸ್ತು ಕೇಳಲಿಲ್ಲ. ಅಡುಗೆಮನೆ ಎಲ್ಲಿದೆಯೋ ಅಲ್ಲೇ ಇರಲಿ ಎಂದರು ಅವರ ಮನೆಯವರು.

ರಿಜಿಸ್ಟ್ರಿಯ ದಿನ ರಾಯರು ನಾಲ್ಕು ಡಿ.ಡಿ. ತೆಗೆಸಿಕೊಂಡು ಹೋಗಿದ್ದರು. ಅಮೆರಿಕದ ಅಣ್ಣನ ಅಧಿಕಾರಪತ್ರ ಹಿಡಿದು ಚಿಕ್ಕಣ್ಣ ಬಂದಿದ್ದರು. ದೊಡ್ಡಣ್ಣ ತಂಗಿಗೆ ಕಾರು ಕಳಿಸಿದ್ದರು, ಹೇಳಿಯೇ ಕಳಿಸಿದ್ದರು. ಬೆರಳಚ್ಚು, ಫೋಟೊ ಆಯಿತು. ಆಕೆ ತಮ್ಮ ಹೆಸರಿನ ಡಿ.ಡಿ.ಯನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಮಡಿಸದೆ, ಕೈಚೀಲದೊಳಗಿನ ಪಂಚಾಂಗದ ನಡುವೆ ಇಟ್ಟುಕೊಂಡರು. ಹೊರಡುವಾಗ ರಾಯರ ಹೆಂಡತಿಗೆ, ಕರಿಬೇವಿಗೆ ವಾರಕ್ಕೊಮ್ಮೆ ಹುಳಿಮಜ್ಜಿಗೆ ಹಾಕಿ ಎಂದರು.