ಕಂತು ತೀರುವ ಮುನ್ನ ಮನೆಗೆ ಸಿಂಗಾರ ಬೇಕೇ?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ. ಈ ನಾಲ್ಕೂ ತಾಲ್ಲೂಕುಗಳಲ್ಲಿ ನಾಡಹಂಚಿನ ತೊಟ್ಟಿಮನೆಯ ಪಕ್ಕದಲ್ಲೋ ಅದನ್ನು ಕೆಡವಿದ ಜಾಗದಲ್ಲೋ ಆರ್‌ಸಿಸಿ ಮನೆಗಳು ಎದ್ದಿವೆ. ಕಟ್ಟಿದವರು ಮೇಷ್ಟ್ರು, ಸಾರಿಗೆ ಸಂಸ್ಥೆಯ ಕಂಡಕ್ಟರು, ದಿನಾ ಮೈಸೂರಿಗೆ ಹೋಗಿ ಬರುವ ನೌಕರರು, ಮುಂಬೈಯಲ್ಲಿ ದುಡಿದು ಊರಲ್ಲಿ ಸೂರು ಮಾಡಿಕೊಂಡವರು. ಹೆಚ್ಚಿನವು ಬ್ಯಾಂಕಿನ ಸಾಲದ ಮೇಲೆ ನಿಂತ ಮನೆಗಳು. ಮನೆ ಹೊಸದಾದರೂ ಒಳಗೆ ಹಳೇ ಮನೆಯ ಸಾಮಾನೆಲ್ಲ ಬಂದು ಕೂತಿದೆ. ಅದನ್ನು ಖಾಲಿ ಮಾಡಿ ಮನೆಯನ್ನು ಚಂದ ಮಾಡಿಕೊಳ್ಳಬೇಕು ಎಂದು ಮನೆಯಲ್ಲಿ ಒಬ್ಬರು ಹೇಳಿದರೆ, ಮೊದಲು ಸಾಲ ತೀರಲಿ ಎಂದು ಇನ್ನೊಬ್ಬರು ಹೇಳುತ್ತಾರೆ. ಎರಡೂ ಕಡೆಯ ವಾದ ಇಲ್ಲಿದೆ.

ಪರ: ಸಾಲ ಇಪ್ಪತ್ತು ವರ್ಷದ್ದು, ಮಕ್ಕಳು ಅಲ್ಲಿಯವರೆಗೆ ಮಕ್ಕಳಾಗಿ ಇರುವುದಿಲ್ಲ

ಮನೆ ಕಟ್ಟಿದಾಗ ಎರಡನೇ ತರಗತಿಯಲ್ಲಿದ್ದ ಮಗಳು ಕೊನೆಯ ಕಂತು ಕಟ್ಟುವ ಹೊತ್ತಿಗೆ ಕೆಲಸ ಹಿಡಿದು ಬೇರೆ ಊರು ಸೇರಿರುತ್ತಾಳೆ. ಅವಳಿಗೆ ಓದಿಕೊಳ್ಳಲು ಒಂದು ಮೂಲೆ, ಒಂದು ಮೇಜು, ಸರಿಯಾದ ಬೆಳಕು ಬೇಕಿರುವುದು ಈಗ. ಸಾಲ ತೀರಿದ ಮೇಲೆ ಆ ಕೋಣೆಯನ್ನು ಚಂದ ಮಾಡಿ ಯಾರನ್ನು ಕೂರಿಸೋಣ?

ನಮ್ಮ ಕಡೆ ಹೊಸ ಮನೆಗಳಲ್ಲಿ ಒಂದು ಕೋಣೆಗೆ ‘ಸಾಮಾನು ರೂಮು’ ಎಂದೇ ಹೆಸರು. ಅದರ ಬಾಗಿಲು ತೆಗೆದು ನೋಡಿ. ಗೃಹಪ್ರವೇಶಕ್ಕೆ ಬಂದ ಗೋಡೆ ಗಡಿಯಾರಗಳು, ಡಬ್ಬ ಒಡೆಯದ ಡಿನ್ನರ್ ಸೆಟ್ಟುಗಳು, ಕೆಟ್ಟ ಟಿವಿ, ಡ್ರಿಪ್ ಪೈಪಿನ ಸುರುಳಿ, ಮಡಿಸಿಟ್ಟ ಗೊಬ್ಬರದ ಚೀಲಗಳು, ಸುಲಿಯದ ತೆಂಗಿನಕಾಯಿ ರಾಶಿ, ಅರ್ಧ ಉಳಿದ ಕ್ರಿಮಿನಾಶಕದ ಬಾಟಲಿ, ಅದನ್ನು ಸಿಂಪಡಿಸುವ ಕ್ಯಾನು. ಅದೇ ಕೋಣೆಯ ಒಂದು ಪಕ್ಕದಲ್ಲಿ ಅಜ್ಜಿಯ ಮಂಚ. ಚದರಡಿ ಲೆಕ್ಕದಲ್ಲಿ ಸಾಲ ಮಾಡಿ ಕಟ್ಟಿದ ಜಾಗ ಇದು. ತಿಂಗಳು ತಿಂಗಳು ಬಡ್ಡಿ ಕಟ್ಟುತ್ತಿರುವುದು ಗೊಬ್ಬರದ ಚೀಲವನ್ನು ನೆರಳಲ್ಲಿಡಲಿಕ್ಕೇ?

ವಿಶ್ವೇಶ್ವರಯ್ಯ ನಾಲೆಯ ಬಯಲಲ್ಲಿ ಹಿತ್ತಿಲು ಮುಗಿಯುವಲ್ಲಿಂದಲೇ ಭತ್ತ, ಕಬ್ಬು ಶುರು. ಕಾಳು, ಚೀಲ, ಕಾಯಿ ಇದ್ದಲ್ಲಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಇದನ್ನು ಪಾಂಡವಪುರದವರಿಗೂ ಶ್ರೀರಂಗಪಟ್ಟಣದವರಿಗೂ ಯಾರೂ ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಮನೆಯ ಹಿಂದೆ ಬಿದ್ದ ಹಳೇ ಟೈರು, ಒಡೆದ ಡ್ರಮ್ಮಿನಲ್ಲಿ ನಿಂತ ನೀರಿಗೆ ಡೆಂಗಿ ಸೊಳ್ಳೆ ಬರುವುದೂ ಎಲ್ಲರಿಗೂ ಗೊತ್ತು. ಖಾಲಿ ಮಾಡುವುದನ್ನು ಶೋಕಿ ಎನ್ನುವವರು ಆಸ್ಪತ್ರೆಯ ಬಿಲ್ಲನ್ನು ಯಾವ ಲೆಕ್ಕಕ್ಕೆ ಬರೆಯುತ್ತಾರೆ?

ಹಗಲೆಲ್ಲ ಮನೆಯಲ್ಲಿ ಇರುವವರು ಯಾರು ಎನ್ನುವುದನ್ನೂ ಕೇಳಬೇಕು. ಕಂತು ಕಟ್ಟುವವರು ಬೆಳಗ್ಗೆ ಏಳಕ್ಕೆ ಬಸ್ಸು ಹತ್ತುತ್ತಾರೆ. ಆ ಸಾಮಾನನ್ನು ದಿನಾ ಸರಿಸಿ ಗುಡಿಸಿ ಮತ್ತೆ ಸರಿಸುವವಳು ಮನೆಯ ಹೆಂಗಸು. ಬೆಳಕಿಲ್ಲದ ಅಡುಗೆಮನೆಯಲ್ಲಿ, ಎಟುಕದ ಎತ್ತರದ ಅಟ್ಟದಿಂದ ಪಾತ್ರೆ ಇಳಿಸಿ ಅಡುಗೆ ಮಾಡುವವಳೂ ಅವಳೇ. ಹಲವು ಮನೆಗಳಲ್ಲಿ ಸಾಲದ ಪತ್ರಕ್ಕೆ ಅವಳ ಸಹಿಯೂ ಬಿದ್ದಿದೆ. ಇಪ್ಪತ್ತು ವರ್ಷ ತಾಳು ಎಂದು ಅವಳಿಗೆ ಹೇಳುವುದು ನ್ಯಾಯವಲ್ಲ.

ನಮ್ಮ ಹಿರಿಯರು ಸಾಲ ತೀರಲಿ ಎಂದು ಕಾದವರೇ ಅಲ್ಲ. ಗೌರಿಹಬ್ಬಕ್ಕೋ ಯುಗಾದಿಗೋ ಜಗುಲಿಗೆ ಕೆಮ್ಮಣ್ಣು, ಗೋಡೆಗೆ ಸುಣ್ಣ ಬೀಳಲೇಬೇಕಿತ್ತು. ಅಟ್ಟದ ಪಾತ್ರೆಯೆಲ್ಲ ಅಂಗಳಕ್ಕೆ ಇಳಿದು, ಹುಣಸೆಹಣ್ಣಿನಲ್ಲಿ ಬೆಳಗಿಸಿಕೊಂಡು ಮೇಲೆ ಹೋಗುತ್ತಿತ್ತು. ಆಗಲೂ ಸಾಲ ಇತ್ತು. ಸಾಹುಕಾರನ ಸಾಲ, ಸೊಸೈಟಿ ಸಾಲ, ಮದುವೆಯ ಸಾಲ. ಸಾಲ ಇದೆ ಎಂದು ಯಾರೂ ಮಸಿ ಹಿಡಿದ ಗೋಡೆಯ ನಡುವೆ ಹಬ್ಬ ಮಾಡಲಿಲ್ಲ. ಮೇಲುಕೋಟೆಯ ವೈರಮುಡಿಗೆ ಮನೆ ತುಂಬ ನೆಂಟರು ಬರುತ್ತಾರೆ, ಅವರನ್ನು ಸಾಮಾನಿನ ಮೇಲೆ ಮಲಗಿಸಲು ಆಗುತ್ತದೆಯೇ? 2020ರ ಕೊರೊನಾ ಬೇಸಿಗೆಯಲ್ಲಿ ಮುಂಬೈಯಿಂದ ಸಂಸಾರ ಸಮೇತ ಕೆ.ಆರ್.ಪೇಟೆ, ನಾಗಮಂಗಲದ ಹಳ್ಳಿಗಳಿಗೆ ಮರಳಿದವರಿಗೆ ಬೇಕಾಗಿದ್ದದ್ದು ಕಾಲು ಚಾಚುವಷ್ಟು ಖಾಲಿ ಜಾಗ.

ಹಣದ ಮಾತಿಗೆ ಬರೋಣ. ಖಾಲಿ ಮಾಡಲು ಖರ್ಚಿಲ್ಲ, ಗುಜರಿಯವನೇ ನಾಲ್ಕು ಕಾಸು ಕೊಟ್ಟು ಹೋಗುತ್ತಾನೆ. ಹಳೇ ಮನೆಯ ಹಲಸಿನ ಬಾಗಿಲು ಹಿತ್ತಿಲಲ್ಲಿ ಮಳೆ ತಿನ್ನುತ್ತ ನಿಂತಿದ್ದರೆ ಊರಿನ ಆಚಾರಿ ಅದನ್ನೇ ಓದುವ ಮೇಜು ಮಾಡಿಕೊಡುತ್ತಾನೆ. ಬಣ್ಣದ ಕೂಲಿ ನಮ್ಮೂರ ಹುಡುಗರಿಗೇ ಸೇರುತ್ತದೆ. ಶ್ರೀರಂಗಪಟ್ಟಣದ ಕೋಟೆಯೊಳಗಿನ ಹಲವರಿಗಂತೂ ಬೇರೆ ದಾರಿಯೇ ಇಲ್ಲ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಇರುವ ಮನೆಯ ದುರಸ್ತಿಗೂ ಅನುಮತಿ ಬೇಕು. ಇನ್ನೊಂದು ಕೋಣೆ ಎಬ್ಬಿಸಲಾಗದವರು ಇರುವ ಕೋಣೆಯನ್ನು ಖಾಲಿ ಮಾಡಿಯೇ ಜಾಗ ಹುಟ್ಟಿಸಿಕೊಳ್ಳಬೇಕು.

ಇನ್ನೊಂದು ಮಾತು. 2025ರ ಫೆಬ್ರುವರಿಯಿಂದ ಡಿಸೆಂಬರ್ ಒಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 6.5ರಿಂದ 5.25ಕ್ಕೆ ಇಳಿಸಿತು. ರೆಪೊಗೆ ಜೋಡಿಸಿದ ಗೃಹಸಾಲಗಳ ಬಡ್ಡಿಯೂ ಇಳಿಯಿತು. ಅದರಿಂದ ಸಿಕ್ಕ ಉಸಿರಿನಲ್ಲಿ ಒಂದು ಪಾಲು ಮನೆಯೊಳಗಿನವರಿಗೆ ಸಲ್ಲಲಿ. ಹೊಸ ಸಾಲ ಮಾಡಿ ಎಂದು ನಾನು ಹೇಳುತ್ತಿಲ್ಲ. ಒಂದು ವರ್ಷದ ಬೋನಸ್ಸು, ಒಂದು ಕಬ್ಬಿನ ಬಿಲ್ಲಿನ ಭಾಗ ಸಾಕು. ಬ್ಯಾಂಕಿನವರು ಅಡಮಾನ ಮಾಡಿಕೊಂಡಿರುವುದು ಮನೆಯನ್ನು ಮಾತ್ರ, ನಮ್ಮ ದಿನಗಳನ್ನಲ್ಲ.

ವಿರೋಧ: ಮೊದಲು ಕಂತಿನ ಪಟ್ಟಿ ಓದಿ

ಮನೆ ಚಂದ ಇರಬೇಕು ಎನ್ನುವುದರಲ್ಲಿ ಜಗಳವಿಲ್ಲ. ನನ್ನ ತಕರಾರು ಕಾಲದ ಬಗ್ಗೆ. ಸಾಲದ ಮೊದಲ ವರ್ಷಗಳೇ ಸಿಂಗಾರಕ್ಕೆ ಕೈ ಹಾಕಲು ಅತ್ಯಂತ ಕೆಟ್ಟ ವರ್ಷಗಳು. ಯಾಕೆ ಎನ್ನುವುದು ಬ್ಯಾಂಕು ಕೊಡುವ ಕಂತಿನ ಪಟ್ಟಿಯಲ್ಲಿದೆ, ಅದನ್ನು ಮಡಿಸಿ ಬೀರುವಿನಲ್ಲಿ ಇಟ್ಟವರೇ ಹೆಚ್ಚು.

25 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ ಎಂದು ಇಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 21,700 ರೂಪಾಯಿ. ಮೊದಲ ಕಂತಿನಲ್ಲಿ 17,708 ರೂಪಾಯಿ ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು ನಾಲ್ಕು ಸಾವಿರಕ್ಕೂ ಕಡಿಮೆ. ಎರಡು ವರ್ಷ ತಪ್ಪದೆ ಕಟ್ಟಿ, ಐದು ಲಕ್ಷಕ್ಕೂ ಹೆಚ್ಚು ತೆತ್ತ ಮೇಲೂ ಸುಮಾರು 24 ಲಕ್ಷ ಬಾಕಿ ನಿಂತಿರುತ್ತದೆ. ಇಪ್ಪತ್ತು ವರ್ಷಕ್ಕೆ ನೀವು ಕಟ್ಟುವ ಒಟ್ಟು ಹಣ 52 ಲಕ್ಷ.

ಆ ಎರಡನೇ ವರ್ಷದ ಕೊನೆಯಲ್ಲಿ ಕೈಗೆ ಮೂರು ಲಕ್ಷ ಬಂತು ಎನ್ನಿ. ಮಾಡ್ಯುಲರ್ ಕಿಚನ್, ಫಾಲ್ಸ್ ಸೀಲಿಂಗ್, ಟಿವಿ ಹಿಂದೆ ಒಂದು ಪ್ಯಾನೆಲ್ ಮಾಡಿಸಬಹುದು. ಅದೇ ಮೂರು ಲಕ್ಷವನ್ನು ಅಸಲಿಗೆ ಕಟ್ಟಿ, ಕಂತನ್ನು ಅಷ್ಟೇ ಉಳಿಸಿಕೊಂಡರೆ 52 ಕಂತು ಕಡಿಮೆಯಾಗುತ್ತದೆ. ನಾಲ್ಕು ವರ್ಷ ನಾಲ್ಕು ತಿಂಗಳು ಮೊದಲೇ ಮನೆ ನಿಮ್ಮದಾಗುತ್ತದೆ, 11 ಲಕ್ಷಕ್ಕೂ ಹೆಚ್ಚು ಕಟ್ಟುವುದು ತಪ್ಪುತ್ತದೆ. ಹಾಕಿದ ಮೂರು ಲಕ್ಷ ಕಳೆದರೂ ಎಂಟು ಲಕ್ಷದ ಮೇಲೆ ಉಳಿಯಿತು. ಬದಲಾಗುವ ಬಡ್ಡಿಯ ಗೃಹಸಾಲವನ್ನು ಮುಂಚಿತವಾಗಿ ತೀರಿಸಿದರೆ ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಇದೇ ಮೂರು ಲಕ್ಷವನ್ನು ಹದಿನೈದನೇ ವರ್ಷದಲ್ಲಿ ಕಟ್ಟಿದರೆ ಇಷ್ಟು ಲಾಭ ಇಲ್ಲ. ಬಡ್ಡಿ ಇಳಿದ ಉಸಿರನ್ನು ಖರ್ಚು ಮಾಡಿ ಎನ್ನುವ ಸಲಹೆಗೂ ಇದೇ ಉತ್ತರ. ಕಂತನ್ನು ಮುಟ್ಟದೆ ಬಿಟ್ಟರೆ ಆ ಇಳಿಕೆ ತಾನಾಗಿಯೇ ಸಾಲದ ಅವಧಿಯನ್ನು ತಿನ್ನುತ್ತ ಹೋಗುತ್ತದೆ.

ಕಂತು ತಿಂಗಳಿಗೊಮ್ಮೆ ಬರುತ್ತದೆ, ನಮ್ಮ ಸೀಮೆಯ ಅರ್ಧ ಆದಾಯ ವರ್ಷಕ್ಕೊಮ್ಮೆ ಬರುತ್ತದೆ. ನೌಕರಿಯ ಸಂಬಳದಲ್ಲಿ ಕಂತು, ಹೊಲದ ಹುಟ್ಟುವಳಿಯಲ್ಲಿ ಉಳಿದದ್ದು ಎಂದು ನಡೆಸುವ ಮನೆಗಳೇ ಇಲ್ಲಿ ಹೆಚ್ಚು. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ನಿಂತು, 2020ರಲ್ಲಿ ಖಾಸಗಿಯವರಿಗೆ ಗುತ್ತಿಗೆ ಹೋದದ್ದನ್ನು ನೋಡಿದವರು ನಾವು. 2023ರಲ್ಲಿ ಕನ್ನಂಬಾಡಿ ಕಟ್ಟೆ 124.80 ಅಡಿಯ ಪೂರ್ಣ ಮಟ್ಟ ಮುಟ್ಟಲೇ ಇಲ್ಲ, ಸರ್ಕಾರ ಬರ ಘೋಷಿಸಿತು. ಆ ವರ್ಷವೂ ಕಂತಿನ ತಾರೀಖು ಒಂದು ದಿನ ಹಿಂದೆ ಮುಂದೆ ಆಗಲಿಲ್ಲ. ಅಂಥ ವರ್ಷದಲ್ಲಿ ಆರು ತಿಂಗಳ ಕಂತು ಪಕ್ಕಕ್ಕಿಟ್ಟಿದ್ದವನು ನಿದ್ದೆ ಮಾಡಿದ. ಗೋಡೆಗೆ ಪ್ಯಾನೆಲ್ ಹೊಡೆಸಿದವನು ಅದನ್ನು ಕಿತ್ತು ಮಾರಲಾರ.

ಹೊಸ ಸಾಲ ಬೇಡ ಎಂದು ಮೇಲಿನವರು ಹೇಳಿದ್ದಾರೆ, ಒಳ್ಳೆಯ ಮಾತು. ಆದರೆ ಕೆಲಸ ಶುರುವಾದ ಮೇಲೆ ನಡೆಯುವುದೇ ಬೇರೆ. ಒಂದು ಗೋಡೆಗೆ ಬಣ್ಣ ಬಿದ್ದರೆ ಪಕ್ಕದ ಗೋಡೆ ಮಂಕಾಗಿ ಕಾಣುತ್ತದೆ. ಗೋಡೆ ಹೊಸದಾದರೆ ಸೋಫಾ ಹಳತಾಗುತ್ತದೆ. ಒಂದು ಲಕ್ಷದ ಲೆಕ್ಕ ಎರಡಾಗಿ, ಸಾಲದಿದ್ದಕ್ಕೆ ಟಾಪ್‌ಅಪ್ ಲೋನು, ಅದಕ್ಕೂ ಸಾಲದಿದ್ದರೆ ವಾರದ ಕಂತಿನ ಮೈಕ್ರೋ ಫೈನಾನ್ಸು. ಆ ಸಾಲದ ವಸೂಲಿ ಕಾಟ ಎಲ್ಲಿಗೆ ಮುಟ್ಟಿತು ಎಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ತೆರಿಗೆಯಲ್ಲಿ ಉಳಿಯುತ್ತದೆ ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ. ದುರಸ್ತಿಗೆಂದು ಪಡೆದ ಸಾಲದ ಬಡ್ಡಿಗೆ ಹಳೇ ತೆರಿಗೆ ಪದ್ಧತಿಯಲ್ಲಿ ಸಿಗುವ ವಿನಾಯಿತಿ ವರ್ಷಕ್ಕೆ 30,000 ರೂಪಾಯಿ ಮಾತ್ರ, ಹೊಸ ಪದ್ಧತಿಯಲ್ಲಿ ವಾಸದ ಮನೆಗೆ ಅದೂ ಇಲ್ಲ.

ಇಷ್ಟು ಹಣದ ಮಾತು. ನನ್ನನ್ನು ಹೆಚ್ಚು ನೋಯಿಸುವುದು ಗುಜರಿಯವನು ಕೊಡುವ ಆ ‘ನಾಲ್ಕು ಕಾಸು’. ಆತ ಬಂದಾಗ ಕೆಟ್ಟ ಟಿವಿಯನ್ನು ಮೂಸಿಯೂ ನೋಡುವುದಿಲ್ಲ, ಅವನ ಕಣ್ಣು ಹಿತ್ತಾಳೆ, ತಾಮ್ರದ ಮೇಲೆ. ನೀರೊಲೆಯ ತಾಮ್ರದ ಹಂಡೆ, ಬೋಗುಣಿ, ಕೊಳಗ, ಪಕ್ಷದ ಹಬ್ಬಕ್ಕೆ ಮಾಂಸ ಬೇಯಿಸುವ ಕೊಪ್ಪರಿಗೆ. ಆ ಪಾತ್ರೆಗಳ ಕಂಠದ ಕೆಳಗೆ ಬೆರಳಾಡಿಸಿ ನೋಡಿ. ಉಳಿಯ ಮೊನೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು ಸಿಗುತ್ತದೆ, ಮದುವೆಗೆ ಕೊಟ್ಟ ಸೋದರಮಾವನದೋ ತವರಿನ ಊರಿನದೋ. ಒಳಮೈಯಲ್ಲಿ ಕಲಾಯಿ ಸವೆದು ಕೆಂಪು ಕಾಣುವ ಜಾಗ, ತಳದಲ್ಲಿ ತೂತಿಗೆ ಹಾಕಿದ ಬೆಸುಗೆ. ಗುಜರಿಯ ತಕ್ಕಡಿಗೆ ಇದೆಲ್ಲ ಕಿಲೋ ಲೆಕ್ಕ. ಅಲ್ಲಿಂದ ಅದು ನೇರ ಕುಲುಮೆಗೆ.

ನಾಗಮಂಗಲದ ಹೆಸರು ಲೋಹದ ಕೆಲಸಕ್ಕೆ ಹಿಂದಿನಿಂದಲೂ ದೊಡ್ಡದು. ದೇವಸ್ಥಾನಗಳ ಉತ್ಸವಮೂರ್ತಿ, ಪ್ರಭಾವಳಿ, ದೀಪಗಳನ್ನು ಎರಕ ಹೊಯ್ಯುವ ಕೈಗಳಿರುವ ಊರು ಅದು. ಇಂಥ ಸೀಮೆಯಲ್ಲಿ ಹಿತ್ತಾಳೆ ಪಾತ್ರೆಯನ್ನು ತೂಕಕ್ಕೆ ಹಾಕಿ ತೆಳು ಸ್ಟೀಲಿನ ಬಕೆಟ್ ತೆಗೆದುಕೊಂಡ ಮನೆಗಳ ಲೆಕ್ಕವಿಲ್ಲ. ಈಗ ಅಂಥದ್ದೇ ಹಂಡೆ, ಉರುಳಿಗಳು ಹೈವೇ ಪಕ್ಕದ ರೆಸಾರ್ಟುಗಳ ಬಾಗಿಲಲ್ಲಿ ಹೂ ತೇಲಿಸಿಕೊಂಡು ಕೂತಿವೆ, ಶೋರೂಮಿನಲ್ಲಿ ಗುಜರಿಯ ಹಲವು ಪಟ್ಟು ಬೆಲೆಗೆ ಸಿಗುತ್ತಿವೆ. ತೊಟ್ಟಿಮನೆಯ ಕಂಬ, ಬೋದಿಗೆ, ಚಿತ್ತಾರದ ಬಾಗಿಲುವಾಡಗಳ ಕಥೆಯೂ ಇದೇ. ಸಾಲದ ಆತುರದಲ್ಲಿ ಮಾಡುವ ಖಾಲಿಯಲ್ಲಿ ಮೊದಲು ಹೋಗುವುದು ಬೆಲೆ ಬಾಳುವ ವಸ್ತು, ಉಳಿಯುವುದು ಪ್ಲಾಸ್ಟಿಕ್ಕು.

ಶ್ರೀರಂಗಪಟ್ಟಣದ ದರಿಯಾ ದೌಲತ್ ಅನ್ನು ನೆನೆಯಿರಿ. 1784ರ ಆ ಅರಮನೆಯ ಗೋಡೆಯ ಮೇಲಿನ ಪೊಳ್ಳಿಲೂರು ಯುದ್ಧದ ಚಿತ್ರಗಳ ಮೇಲೂ ಒಂದು ಕಾಲದಲ್ಲಿ ಸುಣ್ಣ ಬಿದ್ದಿತ್ತು. ಆಮೇಲೆ ಡಾಲ್‌ಹೌಸಿ ಕಾಲದಲ್ಲಿ ಅವನ್ನು ಮತ್ತೆ ಬರೆಸಬೇಕಾಯಿತು. ಗವರ್ನರ್ ಜನರಲ್‌ಗೆ ಅದು ಸಾಧ್ಯವಾಯಿತು. ಅಜ್ಜಿಯ ಹಂಡೆಯನ್ನು ಕರಗಿಸಿದ ಮೇಲೆ ನಮಗೆ ಅದನ್ನು ಮರಳಿ ತಂದುಕೊಡುವವರಿಲ್ಲ.

ಹೆಂಗಸರ ಕಷ್ಟದ ಮಾತು ನಿಜ, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಅವಳ ಕಷ್ಟಕ್ಕೆ ಬೇಕಿರುವುದು ಅಡುಗೆಮನೆಗೆ ಒಂದು ಕಿಟಕಿಯ ಬೆಳಕು, ಕೈಗೆಟಕುವ ಎರಡು ಕಡಪ ಕಲ್ಲಿನ ಹಲಗೆ. ಮುದ್ದೆ ತೊಳಸುವ ಕೈಗೆ ಗಟ್ಟಿ ಕಟ್ಟೆ ಬೇಕು. ಹಬೆಗೂ ನೀರಿಗೂ ಉಬ್ಬುವ ಪ್ಲೈವುಡ್ ಪೆಟ್ಟಿಗೆಗೆ ಐದಾರು ವರ್ಷದಲ್ಲಿ ಮತ್ತೆ ದುಡ್ಡು ಸುರಿಯಬೇಕಾಗುತ್ತದೆ, ಸಾಲ ಆಗಲೂ ಇರುತ್ತದೆ.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಕ್ರಿಮಿನಾಶಕದ ಬಾಟಲಿಯನ್ನೂ ಕ್ಯಾನನ್ನೂ ಅಜ್ಜಿಯ ಕೋಣೆಯಿಂದ ಇವತ್ತೇ ಆಚೆ ಹಾಕಿ, ಅದರಲ್ಲಿ ಪರ ವಿರೋಧ ಇಲ್ಲ. ಕೆಟ್ಟ ಟಿವಿ, ಗೊಬ್ಬರದ ಚೀಲ, ಡಬ್ಬ ಒಡೆಯದ ಉಡುಗೊರೆಗಳೂ ಹೋಗಲಿ. ಹಬ್ಬಕ್ಕೆ ಸುಣ್ಣ ಬಳಿಯಿರಿ. ಹಿತ್ತಾಳೆ, ತಾಮ್ರ, ಹಳೇ ಮರವನ್ನು ಮನೆಯ ಹಿರಿಯರನ್ನು ಕೇಳದೆ ತಕ್ಕಡಿಗೆ ಇಡಬೇಡಿ. ಕಿಚನ್ನಿಗೆಂದು ಎತ್ತಿಟ್ಟ ಹಣವನ್ನು ತೆಗೆದುಕೊಂಡು ಈ ತಿಂಗಳೇ ಬ್ಯಾಂಕಿಗೆ ಹೋಗಿ, ಅದನ್ನು ಅಸಲಿಗೆ ಜಮಾ ಮಾಡಿ ಎಂದು ಅರ್ಜಿ ಬರೆಯಿರಿ. ‘ಕಂತು ಅಷ್ಟೇ ಇರಲಿ, ಅವಧಿ ಕಡಿಮೆಯಾಗಲಿ’ ಎಂಬ ಸಾಲನ್ನು ಅದರಲ್ಲಿ ಸೇರಿಸಿ, ಹೊಸ ಕಂತಿನ ಪಟ್ಟಿಯನ್ನು ಕೈಯಲ್ಲಿ ಪಡೆದೇ ಹೊರಗೆ ಬನ್ನಿ.