ಬಿ.ಕಾಂ. ಮುಗಿಯಿತು, ಮುಂದೇನು?

ದ್ವಿತೀಯ ಪಿಯುಸಿ ಫಲಿತಾಂಶ ಬಂದೊಡನೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳತ್ತ ಹೆಜ್ಜೆ ಹಾಕುವವರಲ್ಲಿ ನಮ್ಮ ಮಕ್ಕಳೂ ಇದ್ದಾರೆ. ವೈದ್ಯಕೀಯ, ಇಂಜಿನಿಯರಿಂಗ್ ಕೈಗೆಟುಕದವರು 'ಏನಾದರೊಂದು ಓದಲಿ' ಎಂದು ಬಿ.ಕಾಂ. ಅಥವಾ ಬಿಬಿಎ ಸೇರುತ್ತಾರೆ. ಪದವಿ ಮುಗಿದ ಬಳಿಕ ಅನೇಕ ಗಂಡುಮಕ್ಕಳು ತಂದೆಯ ಗುಜರಿ ಅಂಗಡಿಗೋ ಗ್ಯಾರೇಜಿಗೋ ಮರಳುತ್ತಾರೆ. ಹೆಣ್ಣುಮಕ್ಕಳ ಅಂಕಪಟ್ಟಿ ಕಪಾಟು ಸೇರುತ್ತದೆ. ಆಗ ಹಿರಿಯರು ಕೇಳುತ್ತಾರೆ: 'ಓದಿ ಏನು ಪ್ರಯೋಜನವಾಯಿತು?'

ಈ ಪ್ರಶ್ನೆಯನ್ನು ಪ್ರವೇಶದ ದಿನವೇ ಕೇಳಬೇಕಿತ್ತು. ಇಪ್ಪತ್ತು ವರ್ಷ ಮೀರಿದ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಶೇ. 4ಕ್ಕಿಂತಲೂ ಕಡಿಮೆ ಎಂದು 2001ರ ಜನಗಣತಿಯ ಆಧಾರದಲ್ಲಿ ಸಾಚಾರ್ ಸಮಿತಿ 2006ರಲ್ಲಿ ಹೇಳಿತ್ತು. ಅಂಥ ಸಮುದಾಯದಲ್ಲಿ ಪದವಿ ಪಡೆದವರೂ ದಾರಿ ಕಾಣದೆ ಕುಳಿತರೆ ನಷ್ಟ ಇಮ್ಮಡಿಯಾಗುತ್ತದೆ.

ಕೇವಲ ಬಿ.ಕಾಂ. ಪ್ರಮಾಣಪತ್ರಕ್ಕೆ ಯಾರೂ ಉದ್ಯೋಗ ಕೊಡುವುದಿಲ್ಲವೆಂಬುದು ಸತ್ಯ. ಆದರೆ ಅದು ತೆರೆಯುವ ಬಾಗಿಲುಗಳು ಹಲವು. ಶೇ. 55 ಅಂಕ ಪಡೆದ ವಾಣಿಜ್ಯ ಪದವೀಧರರು ಚಾರ್ಟರ್ಡ್ ಅಕೌಂಟೆನ್ಸಿಯ ಫೌಂಡೇಶನ್ ಪರೀಕ್ಷೆ ಬರೆಯದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ನೋಂದಾಯಿಸಬಹುದು. 2023ರ ಹೊಸ ಕ್ರಮದಲ್ಲಿ ತರಬೇತಿಯ ಅವಧಿ ಎರಡೇ ವರ್ಷ. ಬ್ಯಾಂಕ್ ಗುಮಾಸ್ತ ಹುದ್ದೆಗೆ ಪದವಿಯ ಜೊತೆ ಸ್ಥಳೀಯ ಭಾಷೆಯ ಜ್ಞಾನ ಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ಅನುಕೂಲವೇ. ಬಡ್ಡಿಯ ಕಾರಣಕ್ಕೆ ಬ್ಯಾಂಕಿಗೆ ಹಿಂಜರಿಯುವ ಕುಟುಂಬಗಳಿವೆ. ಅವರಿಗೆ ಲೆಕ್ಕಪರಿಶೋಧನೆ, ತೆರಿಗೆ, ಸರಕಾರದ ಪ್ರಥಮ ದರ್ಜೆ ಸಹಾಯಕ ಹುದ್ದೆ, ಎಂ.ಕಾಂ. ಬಳಿಕ ಅಧ್ಯಾಪನ ಮುಂತಾದ ದಾರಿಗಳಿವೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ನೋಂದಾಯಿತ ಸಣ್ಣ ವ್ಯಾಪಾರಿಗೂ ಲೆಕ್ಕ ಬಲ್ಲವರ ಅಗತ್ಯ ಬಿದ್ದಿದೆ. ನಮ್ಮ ಅಂಗಡಿಗಳ ಲೆಕ್ಕ ಬರೆಯಲು ಹೊರಗಿನವರನ್ನು ಹುಡುಕುವ ನಾವು, ಮನೆಯಲ್ಲೇ ಇರುವ ಪದವೀಧರೆಯನ್ನು ಮರೆಯುತ್ತೇವೆ.

ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಆದೇಶಿಸುವ ಸೂಕ್ತವೇ ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ. ಆದರೂ 2019ರಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ಜೀವಮಾನದ ಉಳಿತಾಯ ಕಳೆದುಕೊಂಡ ಸಾವಿರಾರು ಜನರಲ್ಲಿ ಹೆಚ್ಚಿನವರು ಮುಸ್ಲಿಮರೇ ಆಗಿದ್ದರು. 'ಈ ಲಾಭ ಎಲ್ಲಿಂದ ಬರುತ್ತದೆ, ಆಯವ್ಯಯ ಪಟ್ಟಿ ತೋರಿಸಿ' ಎಂದು ಕೇಳಬಲ್ಲ ಒಬ್ಬರು ಪ್ರತಿ ಮನೆಯಲ್ಲಿ ಇದ್ದಿದ್ದರೆ ಎಷ್ಟೋ ಕುಟುಂಬಗಳು ಉಳಿಯುತ್ತಿದ್ದವು.

ಹೇಮಗಂಗೋತ್ರಿಯು 2023ರಲ್ಲಿ ಹಾಸನ ವಿಶ್ವವಿದ್ಯಾಲಯವಾಯಿತು. ಹಣಕಾಸಿನ ಕೊರತೆಯಿಂದ ಅದನ್ನೂ ಸೇರಿಸಿ ಹೊಸ ವಿ.ವಿ.ಗಳನ್ನು ಮುಚ್ಚುವ ಪ್ರಸ್ತಾಪವು 2025ರಲ್ಲಿ ಸಚಿವ ಸಂಪುಟದ ಉಪಸಮಿತಿಯ ಮುಂದೆ ಬಂತು. 2021ರಲ್ಲಿ ತಂದ ನಾಲ್ಕು ವರ್ಷದ ಪದವಿ ವ್ಯವಸ್ಥೆಯನ್ನು 2024ರಲ್ಲಿ ಕೈಬಿಡಲಾಯಿತು. ಸರಕಾರದ ಈ ಗೊಂದಲಕ್ಕೆ ಬೆಲೆ ತೆರುವವರು ಖಾಸಗಿ ಕಾಲೇಜಿನ ಶುಲ್ಕ ಭರಿಸಲಾಗದ ಬಡವರ ಮಕ್ಕಳು. ಜಿಲ್ಲೆಯ ಶಾಸಕರು ಇದಕ್ಕೆ ಉತ್ತರ ಹೇಳಬೇಕು.

ನಾವು ಮಾಡಬಹುದಾದದ್ದೂ ಇದೆ. ಪ್ರತಿ ಜಮಾಅತ್ ವರ್ಷಕ್ಕೊಮ್ಮೆ, ಪ್ರವೇಶಕ್ಕೆ ಮುನ್ನ, ಊರಿನ ಲೆಕ್ಕಪರಿಶೋಧಕರನ್ನೂ ಅಧ್ಯಾಪಕರನ್ನೂ ಕರೆಸಿ ಪೋಷಕರ ಸಭೆ ನಡೆಸಲಿ. ಮಸೀದಿಯ ಒಂದು ಕೋಣೆ ಸಂಜೆ ಸ್ಪರ್ಧಾತ್ಮಕ ಪರೀಕ್ಷೆಯ ಓದಿಗೆ ತೆರೆದಿರಲಿ. ಅರಕಲಗೂಡಿನ ಹುಡುಗಿ ತರಬೇತಿಗೆ ಹಾಸನಕ್ಕೆ ಹೋಗಲು ಸರಕಾರಿ ಬಸ್ಸಿನಲ್ಲಿ 2023ರಿಂದ ಟಿಕೆಟಿನ ಖರ್ಚಿಲ್ಲ. ಅವಳಿಗೆ ಬೇಕಿರುವುದು ಮನೆಯವರ ಒಪ್ಪಿಗೆ. ಅದನ್ನು ಕೊಡಲು ಯಾವ ಸರಕಾರಿ ಆದೇಶವೂ ಬೇಕಿಲ್ಲ.